ಗಾನಿಯ ಐದನೆಯ ಸಾವು

ಗಾನಿ ಆ ದಿನ ಬೆಳಗಿನಿಂದ ನಾಲ್ಕು ಸಲ ಸತ್ತಿದ್ದ.

ಒಂದು ಸಲ ಈಟಿಯಿಂದ ತಿವಿಸಿಕೊಂಡು, ಒಂದು ಸಲ ಜೀಪಿನಡಿ ಸಿಕ್ಕಿ, ಎರಡು ಸಲ ಗುಂಡೇಟು ತಿಂದು. ಒಂದೊಂದು ಸಾವಿಗೂ ಒಂದೊಂದು ಮುಖವಾಡ. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಎರಡು ಮೊಣಕೈಯೂ ಸುಲಿದಿದ್ದವು. ಸೊಂಟದ ಪಕ್ಕ ಅಂಗೈಯಗಲ ನೀಲಿಗಟ್ಟಿತ್ತು. ಕಲ್ಲುಕ್ವಾರಿಯ ಪುಡಿ ಬಾಯಿಗೆ ಮೂಗಿಗೆ ತುಂಬಿ, ಉಗುಳಿದರೆ ಬಿಳಿಯ ಕೆಸರು ಬೀಳುತ್ತಿತ್ತು.

ಹೆಂಡತಿ ಕರಿಂಗ್ ಅನ್ನದ ಮೇಲೊಂದು ಒಣಮೀನು ಇಟ್ಟು ಅವನ ಮುಂದೆ ತಳ್ಳಿದಳು.

“ನಾಲ್ಕಾಯ್ತು. ಇವತ್ತಿಗೆ ಸಾಕು ಅನ್ನು.”

“ಸಾಕು ಅನ್ನೋಕೆ ನೀನ್ಯಾರೇ? ಸ್ವರ್ಗದ ಬಾಗಿಲು ಕಾಯೋ ಸಂತ ಪೇತ್ರನಾ?”

“ಸೊಂಟ ನೋಡ್ಕೋ ಹೋಗು. ಬದನೇಕಾಯಿ ಆಗಿದೆ.”

“ಐದು ಸಲ ಸತ್ತೋರಿಗೆ ಸಂಜೆ ಇನ್ನೊಂದು ಪೊಟ್ಟಣ ಊಟ ಕೊಡ್ತಾರಂತೆ. ನಿಂಗೇ ತರ್ತೀನಿ ಬಿಡು.”

ಪಕ್ಕದಲ್ಲಿ ಕೂತು ತಿನ್ನುತ್ತಿದ್ದವರೆಲ್ಲ ನಕ್ಕರು. ಸಾಯುವುದು ಅವರ ಕಸುಬು. ಮನಿಲಾದಿಂದ ಜೀಪ್ನಿ ಬಸ್ಸು ಹತ್ತಿದರೆ ಎರಡು ಗಂಟೆ ದೂರದ ಆ ಕ್ವಾರಿಯೂರಿನಲ್ಲಿ ಮೊದಲು ಎಲ್ಲರೂ ಕಲ್ಲು ಒಡೆಯುತ್ತಿದ್ದರು. ಕ್ವಾರಿ ಮುಚ್ಚಿದ ಮೇಲೆ ಪರದೇಶದವರು ಕ್ಯಾಮೆರಾ ಹೊತ್ತುಕೊಂಡು ಬಂದರು. ಅವರಿಗೆ ಲೋಕ ಮುಳುಗಿಹೋದ ಮೇಲಿನ ಕಥೆ ಬೇಕಿತ್ತು. ಬೋಳು ಗುಡ್ಡ, ಬಿಳಿಯ ಧೂಳು, ತುಕ್ಕು ಹಿಡಿದ ಯಂತ್ರ, ಹಸಿದ ಗಂಡಸರು, ಎಲ್ಲ ಇಲ್ಲಿ ಸಿದ್ಧವಾಗಿತ್ತು. ಲೋಕ ಮುಳುಗಿಸುವ ಖರ್ಚೂ ಅವರಿಗೆ ಉಳಿಯಿತು.

ಈ ಸಲ ಬಂದವನು ಅಮೆರಿಕದ ಹುಡುಗ, ಮೂವತ್ತರ ಒಳಗಿನವನು. ಹೆಸರು ಹೋಲ್ಟ್. ಊರವರು ಅವನನ್ನು ಡಿರೆಕ್ ಎಂದೇ ಕರೆಯುತ್ತಿದ್ದರು. ಇಲ್ಲಿ ಚಿತ್ರ ಮಾಡಿಸುವ ನಿರ್ದೇಶಕರನ್ನೆಲ್ಲ ಹಾಗೇ ಕರೆಯುವುದು. ಅವನ ಹಿಂದೆ ದೊಡ್ಡ ಕಂಪನಿ ಯಾವುದೂ ಇರಲಿಲ್ಲ. ತಾಯಿಯ ಮನೆ ಮಾರಿ ಬಂದಿದ್ದ. ಇವರ ಜೊತೆ ನೆಲದ ಮೇಲೆ ಕೂತು ಕೈಯಲ್ಲಿ ಅನ್ನ ತಿನ್ನಲು ಹೋಗಿ ಅರ್ಧ ಅಂಗಿಗೆ ಚೆಲ್ಲಿಕೊಳ್ಳುತ್ತಿದ್ದ. “ಇದು ಬರೀ ಹೊಡೆದಾಟದ ಚಿತ್ರ ಅಲ್ಲ,” ಎಂದು ಹೇಳುತ್ತಿದ್ದ. “ಎಲ್ಲ ನಾಶವಾದ ಮೇಲೂ ಮನುಷ್ಯ ಮನುಷ್ಯನಾಗಿ ಉಳಿಯುತ್ತಾನಾ? ಅದು ನನ್ನ ಪ್ರಶ್ನೆ.” ಬೀಳುವವರ ಗುಂಪಿನ ಹಿರಿಯ ಇಪೆ ಅದನ್ನು ತಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದ. ಎಲ್ಲರೂ ತಲೆಯಾಡಿಸುತ್ತಿದ್ದರು. ಒಳ್ಳೆಯ ಹುಡುಗ, ಅನ್ನುತ್ತಿದ್ದರು. ಒಳ್ಳೆಯ ಹುಡುಗನೇ. ಅದೇ ಕಷ್ಟವಾದದ್ದು.

ಕರಿಂಗಳ ಕೆಲಸ ಮುಖವಾಡ ಹೊಲಿಯುವುದು. ಟೈರಿನ ಟ್ಯೂಬು, ಗೋಣಿ, ಒಡೆದ ಗೊಂಬೆಯ ತಲೆ, ಮೀನಿನ ಬಲೆ, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಹೊಲಿದು ರಾಕ್ಷಸರನ್ನು ಮಾಡುತ್ತಿದ್ದಳು. ಇದ್ದ ಗಂಡಸರು ಅರವತ್ತು, ಚಿತ್ರದಲ್ಲಿ ಕಾಣಬೇಕಾದವರು ಆರುನೂರು. ಮುಖ ತೋರಿಸಿದರೆ ಬೆಳಿಗ್ಗೆ ಸತ್ತವನು ಸಂಜೆ ಮತ್ತೆ ಬಂದನೆಂದು ನೋಡುವವರಿಗೆ ಗೊತ್ತಾಗಿಬಿಡುತ್ತದಲ್ಲ! ಅದಕ್ಕೇ ಎಲ್ಲರಿಗೂ ಮುಖವಾಡ. ಹೆಸರಿಗೂ ಅದೇ ಗತಿ. ಇವರ ಹೆಸರು ಹಾಕಿದರೆ ಹೊರದೇಶದಲ್ಲಿ ಚಿತ್ರ ಯಾರೂ ಕೊಳ್ಳುವುದಿಲ್ಲವೆಂದು ಎಲ್ಲರಿಗೂ ಅಮೆರಿಕದ ಹೆಸರು ಕಟ್ಟಿದ್ದರು. ಇಸಾಗನಿ ಎಂಬ ಗಾನಿ ಅಲ್ಲಿ ಜಾನಿ ಸ್ಟೀಲ್. ಆ ಹೆಸರು ಕೇಳಿ ಕರಿಂಗ್ ಒಂದು ವಾರ ನಕ್ಕಿದ್ದಳು.

ಮನೆಗೆ ಬರುವುದಕ್ಕೆ ಮಾತ್ರ ಅವಳದೊಂದು ಕಟ್ಟುನಿಟ್ಟಿತ್ತು. ಸಾವಿನ ಮನೆಗೆ ಹೋದವರು ಅಲ್ಲಿಂದ ನೆಟ್ಟಗೆ ತಮ್ಮ ಮನೆಗೆ ಬರಬಾರದು, ದಾರಿಯಲ್ಲಿ ಎಲ್ಲಾದರೂ ತಂಗಿ ಕೊಡವಿಕೊಂಡು ಬರಬೇಕು, ಇಲ್ಲದಿದ್ದರೆ ಸತ್ತವರು ಹಿಂದೆಯೇ ಬರುತ್ತಾರೆ. ಅದು ಊರಿಗೆಲ್ಲ ಗೊತ್ತಿರುವ ಪದ್ಧತಿ. ಸುಳ್ಳು ಸಾವಾದರೇನು, ಸಾವು ಸಾವೇ ಎಂದು ಕರಿಂಗಳ ವಾದ. ಅದಕ್ಕೇ ಗಾನಿ ದಿನಾ ಸಂಜೆ ಪೋಲೆಂಗಜ್ಜಿಯ ಅಂಗಡಿಯಲ್ಲಿ ಕೂತು ಒಂದು ಲೋಟ ಶುಂಠಿ ಕಷಾಯ ಕುಡಿದೇ ಮನೆಗೆ ಬರುವುದು. ಪೋಲೆಂಗಜ್ಜಿ ಊರಿನಲ್ಲಿ ಕಷಾಯ ಮಾರುವವಳು, ಸತ್ತವರ ಮನೆಯಲ್ಲಿ ಒಂಬತ್ತು ದಿನ ಪ್ರಾರ್ಥನೆ ಹೇಳಿಸುವವಳೂ ಅವಳೇ. “ಇವತ್ತೆಷ್ಟೋ?” ಎಂದು ಅಜ್ಜಿ ಕೇಳಬೇಕು. “ಮೂರು ಅಜ್ಜಿ,” ಎಂದು ಅವನು ಹೇಳಬೇಕು. “ಮೂರಕ್ಕೂ ಒಂದೇ ಲೋಟನಾ ಜಿಪುಣ?” ಎಂದು ಅವಳು ಬಯ್ಯಬೇಕು. ಬಾಯಿಂದ ಶುಂಠಿಯ ವಾಸನೆ ಬಂದರಷ್ಟೇ ಕರಿಂಗ್ ಅವನನ್ನು ಒಳಗೆ ಬಿಡುತ್ತಿದ್ದಳು.

ಆ ದಿನದ ಐದನೆಯ ಸಾವು ಕಲ್ಲು ಪುಡಿಮಾಡುವ ಹಳೆಯ ಗೋಪುರದ ಮೇಲಿಂದ. ಮೂರಾಳೆತ್ತರ. ಕೆಳಗೆ ಹಾಲಿನ ಪುಡಿಯ ಖಾಲಿ ರಟ್ಟಿನ ಪೆಟ್ಟಿಗೆ ಜೋಡಿಸಿ, ಮೇಲೆ ಹಳೇ ಹಾಸಿಗೆ ಹರಡಿ, ಅದರ ಮೇಲೆ ಕ್ವಾರಿಯ ಬಣ್ಣದ ಬಟ್ಟೆ ಮುಚ್ಚಿದ್ದರು. ಬಿದ್ದಾಗ ಪೆಟ್ಟಿಗೆ ಪಚ್ಚೆಂದು ಕುಸಿಯಬೇಕು, ಆಗ ಮೈಗೆ ಪೆಟ್ಟಾಗುವುದಿಲ್ಲ. ಒಂದು ಸಲ ಕುಸಿದ ಪೆಟ್ಟಿಗೆಯ ಮೇಲೆ ಎರಡನೇ ಸಲ ಬೀಳಬಾರದು. ಬೀಳುವವರಲ್ಲಿ ಅದೊಂದು ನೇಮ.

ಗಾನಿ ಒಂದು ಸಲ ಬಿದ್ದ. ಎದ್ದು ಬಂದ. ಡಿರೆಕ್ ಪಡುವಣ ದಿಕ್ಕು ನೋಡಿದ. ಸೂರ್ಯ ಗುಡ್ಡದ ಅಂಚಿಗೆ ಬಂದು ಆಕಾಶವೆಲ್ಲ ಕೆಂಪಾಗಿತ್ತು. ಈ ಬೆಳಕಿಗಾಗಿ ಹದಿನೈದು ದಿನ ಕಾದಿದ್ದೇನೆ ಎಂದ. ಇನ್ನೊಂದೇ ಒಂದು ಸಲ.

“ಪೆಟ್ಟಿಗೆ ಸತ್ತೋಗಿವೆ ಡಿರೆಕ್,” ಅಂದ ಇಪೆ. “ಹೊಸ ಪೆಟ್ಟಿಗೆ ನಾಳೆ ತರ್ತೀವಿ. ಇದರ ಮೇಲೆ ಬೀಳೋಕಾಗಲ್ಲ.”

ಕಂಪನಿಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ತೆಯೊ ಮಧ್ಯೆ ಬಾಯಿ ಹಾಕಿದ. ಅವನು ಮನಿಲಾದವನು, ಬೆವರಿಗೊಂದು, ಮುಖಕ್ಕೊಂದು, ಎರಡು ಕರವಸ್ತ್ರ ಇಟ್ಟುಕೊಂಡಿದ್ದವನು.

“ಏನಯ್ಯಾ ಇಪೆ, ಪೆಟ್ಟಿಗೆ ಅಗಲ ಇದೆ, ಹಾಸಿಗೆ ಇದೆ. ಪಕ್ಕಕ್ಕೆ ಸ್ವಲ್ಪ ಸರಿದು ಬಿದ್ರೆ ಆಯ್ತಪ್ಪ. ನಾಳೆಗೆ ಸೂರ್ಯನ್ನ ನೀನು ಹಿಡಿದು ತರ್ತೀಯಾ?”

“ಪಕ್ಕಕ್ಕೆ ಸರಿಯೋಕೆ ಇದೇನು ಹಾಸಿಗೇಲಿ ಮಲಗೋದಾ ಸ್ವಾಮಿ?”

ಡಿರೆಕ್ ಗಾನಿಯ ಭುಜದ ಮೇಲೆ ಕೈಯಿಟ್ಟ. ಏನೂ ಹೇಳಲಿಲ್ಲ, ಬರೀ ನೋಡಿದ. ಬಯ್ದು ಕೆಲಸ ಮಾಡಿಸುವವನಿಗೆ ಇಲ್ಲ ಅನ್ನಬಹುದು. ಹೀಗೆ ನೋಡುವವನಿಗೆ ಹೇಗೆ ಇಲ್ಲ ಅನ್ನುವುದು?

“ಹೋಗ್ಲಿ ಬಿಡಣ್ಣ, ಒಂದು ಸಲ ತಾನೇ,” ಅಂದ ಗಾನಿ. ಮುಖವಾಡ ಎಳೆದುಕೊಂಡು ಏಣಿ ಹತ್ತಿದ.

ಕರಿಂಗ್ ಆಗ ಇತ್ತ ಗುಡಿಸಲಿನಲ್ಲಿ ನಾಳೆಯ ಮುಖವಾಡಕ್ಕೆ ಹಲ್ಲು ಹೊಲಿಯುತ್ತಿದ್ದಳು. ಅವಳಿಗೆ ಏನೂ ಕಾಣಲಿಲ್ಲ. ಒಂದು ಸದ್ದು ಕೇಳಿತು. ಆಮೇಲೆ ಚಪ್ಪಾಳೆ.

ಜೋರು ಚಪ್ಪಾಳೆ. ಇಡೀ ಕ್ವಾರಿ ತಟ್ಟುತ್ತಿತ್ತು. ಬಿದ್ದವನು ಕದಲದೆ ಅಷ್ಟು ಚೆನ್ನಾಗಿ ಮಲಗಿದ್ದ, ಒಂದು ಕೈ ಎದೆಯ ಮೇಲೆ, ಒಂದು ಕಾಲು ಮಡಚಿ. ಕ್ಯಾಮೆರಾ ನಿಂತರೂ ಅವನು ಏಳಲಿಲ್ಲ, ಗಾನಿ ತಮಾಷೆ ಮಾಡ್ತಿದ್ದಾನೆ ಎಂದು ಮತ್ತಷ್ಟು ತಟ್ಟಿದರು. ಗುಡಿಸಲಿನಲ್ಲಿ ಕೂತ ಕರಿಂಗಳಿಗೂ ಅದು ಗಂಡನಿಗೇ ಬಿದ್ದ ಚಪ್ಪಾಳೆ ಎಂದು ಗೊತ್ತಾಯಿತು. ಅವಳು ಸೂಜಿ ಹಲ್ಲಲ್ಲಿ ಕಚ್ಚಿಕೊಂಡು ನಕ್ಕಳು.

ಆ ನಗುವನ್ನು ಅವಳು ಮುಂದೆ ಎಂದಿಗೂ ತನಗೆ ತಾನು ಕ್ಷಮಿಸಲಿಲ್ಲ.

ಒಂಬತ್ತು ದಿನ ಮನೆಯಲ್ಲಿ ಪ್ರಾರ್ಥನೆ ನಡೆಯಿತು. ಪೋಲೆಂಗಜ್ಜಿ ಮುಂದೆ ಹೇಳುವಳು, “ಇಸಾಗನಿಯ ಆತ್ಮಕ್ಕೆ, ಸ್ವಾಮೀ…” ಉಳಿದವರೆಲ್ಲ ಒಟ್ಟಿಗೆ, “ನಿತ್ಯ ವಿಶ್ರಾಂತಿಯನ್ನು ದಯಪಾಲಿಸು.” ಮತ್ತೆ ಅವಳು, ಮತ್ತೆ ಇವರು. ದಿನಾ ಕೇಳಿ ಕೇಳಿ ಬೀದಿಯ ಮಕ್ಕಳಿಗೂ ಬಾಯಿಪಾಠವಾಯಿತು. ಡಿರೆಕ್ ಮೊದಲ ದಿನವೇ ಬಂದು ಗೋಡೆಗೆ ಒರಗಿ ಅತ್ತಿದ್ದ. ನಿಜವಾಗಿಯೇ ಅತ್ತಿದ್ದ, ಅದರಲ್ಲಿ ಸುಳ್ಳಿರಲಿಲ್ಲ.

ಒಂಬತ್ತನೆಯ ದಿನ ಮಧ್ಯಾಹ್ನ, ಇನ್ನೂ ಯಾರೂ ಬರುವ ಮುಂಚೆ, ತೆಯೊ ಡಿರೆಕ್‌ನನ್ನು ಕರೆದುಕೊಂಡು ಬಂದ. ಕೈಯಲ್ಲೊಂದು ಕಾಗದ. ಇಂಗ್ಲಿಷಿನಲ್ಲಿತ್ತು. ತೆಯೊ ಓದಿ ಹೇಳಿದ. ಗಾನಿಗೆ ಮೊದಲಿನಿಂದ ಹೃದಯದ ಕಾಯಿಲೆ ಇತ್ತು. ಅಂದಿನ ಕೆಲಸ ಮುಗಿಸಿ ಮನೆಗೆ ಹೋಗುವಾಗ ದಾರಿಯಲ್ಲಿ ಕುಸಿದ. ಕಂಪನಿಗೂ ಅವನ ಸಾವಿಗೂ ಸಂಬಂಧವಿಲ್ಲ.

ಕರಿಂಗ್ ಕೊನೆಯವರೆಗೂ ಕೇಳಿದಳು.

“ಅವನ ಹೃದಯಕ್ಕೆ ಏನೂ ಆಗಿರಲಿಲ್ಲ,” ಅಂದಳು.

“ಗೊತ್ತಮ್ಮ, ಗೊತ್ತು. ಕಾಗದ ಅಂದ್ಮೇಲೆ ಹೀಗೇ ಬರೀಬೇಕು. ಇಲ್ದಿದ್ರೆ ಕಾರ್ಮಿಕರ ಆಫೀಸಿನೋರು ಬಂದು ಚಿತ್ರ ನಿಲ್ಲಿಸ್ತಾರೆ. ಅರವತ್ತು ಜನರ ಅನ್ನಕ್ಕೆ ಕಲ್ಲು ಬೀಳುತ್ತೆ. ಮಣ್ಣಿನ ಖರ್ಚೆಲ್ಲ ಕಂಪನಿಯೇ ನೋಡ್ಕೊಂಡಿದೆ, ನೋಡಿದೀಯಲ್ಲ.”

“ಆ ಚಿತ್ರ ಏನಾಯ್ತು?”

“ಯಾವ ಚಿತ್ರ?”

“ಅವನು ಬಿದ್ದದ್ದು. ಅದರೊಳಗೆ ಇದೆಯಲ್ಲ, ಅವನು ಸಾಯೋದು.”

ತೆಯೊ ಡಿರೆಕ್‌ನ ಮುಖ ನೋಡಿದ. ಕರಿಂಗ್ ಮಾತು ಮುಂದುವರಿಸಿದಳು. ಒಂಬತ್ತು ದಿನದಲ್ಲಿ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು.

“ನಂಗೆ ನಿಮ್ಮದೇನೂ ಬೇಡ. ಅದನ್ನ ಯಾರಿಗೂ ತೋರಿಸಬೇಡಿ. ನಾನೇ ನೋಡಿಲ್ಲ ಅವನು ಸಾಯೋದನ್ನ. ಗುರುತು ಪರಿಚಯ ಇಲ್ಲದೋರು ಟಿಕೆಟ್ ತಗೊಂಡು, ಕಡಲೆಕಾಯಿ ತಿಂತಾ ಅದನ್ನ ನೋಡಬಾರದು. ತೋರಿಸಿದಷ್ಟು ಸಲವೂ ಅವನು ಸಾಯ್ತಾನೆ. ಬದುಕಿದ್ದಾಗ ಸತ್ತದ್ದೇ ಸಾಕು ಅವನಿಗೆ.”

ತೆಯೊ ತಿರುಗಿಸಿ ಹೇಳಿದ. ಡಿರೆಕ್ ತಲೆ ತಗ್ಗಿಸಿ ಕೇಳಿದ. ಆಮೇಲೆ ಎದ್ದು ಜೀಪಿಗೆ ಹೋಗಿ ಒಂದು ದುಂಡು ತಗಡಿನ ಡಬ್ಬಿ ತಂದ. ಹಿತ್ತಲಿನ ಬಾಳೆಗಿಡದ ಬುಡದಲ್ಲಿ ಅದನ್ನು ತೆರೆದು, ಒಳಗಿನ ಉದ್ದನೆಯ ಪಟ್ಟಿಯನ್ನು ಬಿಚ್ಚಿ ಗುಡ್ಡೆ ಹಾಕಿ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಅದು ಮುದುಡಿ, ಕರಗಿ, ಕಪ್ಪು ಹೊಗೆ ಕಾರಿ ಉರಿಯಿತು. ನಾತ ಮೂಗಿಗೆ ಹೊಡೆಯಿತು. ಕರಿಂಗ್ ಕೊನೆಯ ತುಂಡು ಬೂದಿಯಾಗುವವರೆಗೂ ನಿಂತು ನೋಡಿದಳು. ಗಾನಿಗೆ ಮಣ್ಣು ಕೊಟ್ಟಾಗ ಬಾರದ ನೆಮ್ಮದಿ ಆಗ ಬಂತು. ಒಳಗೆ ಹೋಗಿ ಕಾಗದಕ್ಕೆ ರುಜು ಹಾಕಿದಳು.

ಈ ವಿಷಯ ಅವಳು ಇಪೆಗೂ ಹೇಳಲಿಲ್ಲ, ಅಜ್ಜಿಗೂ ಹೇಳಲಿಲ್ಲ. ಗಂಡ ಬಿದ್ದು ಸತ್ತ, ನಾನು ಕಾಯಿಲೆಯಿಂದ ಸತ್ತ ಎಂದು ರುಜು ಹಾಕಿದೆ ಅಂತ ಯಾವ ಬಾಯಲ್ಲಿ ಹೇಳುವುದು? ನುಂಗಿಕೊಂಡಳು.

ಮಾರನೆಯ ದಿನ ಚಿತ್ರದ ಕೊನೆಯ ಯುದ್ಧ. ಡಿರೆಕ್‌ನ ಕನಸೆಲ್ಲ ಇದ್ದದ್ದು ಅಲ್ಲೇ. ತಗಡು, ಬಿದಿರು, ರಟ್ಟಿನಲ್ಲಿ ಲೋಕದ ಕೊನೆಯ ನಗರ ಕಟ್ಟಿಸಿದ್ದ. ಕಟ್ಟಲು ಒಂದು ತಿಂಗಳು ಹಿಡಿದಿತ್ತು. ಅದಕ್ಕೆ ಒಂದೇ ಸಲ ಬೆಂಕಿ ಹಚ್ಚುವುದು, ಅದು ಸುಡುವಾಗ ನಾಯಕ ಬಂದೂಕು ಹಿಡಿದು ಬರುವುದು, ಅರವತ್ತು ಜನ ಸಾಲುಸಾಲಾಗಿ ಸತ್ತು ಬೀಳುವುದು. ಎರಡನೇ ಸಲ ತೆಗೆಯಲು ನಗರವೂ ಇಲ್ಲ, ಮದ್ದೂ ಇಲ್ಲ, ಹಣವೂ ಇಲ್ಲ.

ಕರಿಂಗ್ ಕಪ್ಪು ಬಟ್ಟೆ ಉಟ್ಟುಕೊಂಡೇ ಕೆಲಸಕ್ಕೆ ಬಂದಳು. ಮುಖವಾಡಗಳ ಲೆಕ್ಕ ಅವಳಿಗೇ ಗೊತ್ತು, ಬಾರದೆ ಗತಿಯಿರಲಿಲ್ಲ. ತೆಯೊ ಒಂದು ಮುಖವಾಡ ತಂದು ಅವಳ ಮುಂದೆ ಇಟ್ಟ. ಒಳಗೆ ಗೋಣಿಗೆ ರಕ್ತ ಒಣಗಿ ಅಂಟಿತ್ತು.

“ತೊಳೆದು ಕೊಡಮ್ಮ. ನದಿಯಾಚೆಯಿಂದ ಒಬ್ಬ ಹೊಸಬ ಬಂದಿದ್ದಾನೆ. ಅವನಿಗೆ ಸರಿಹೋಗುತ್ತೆ.”

ಕರಿಂಗ್ ತೊಳೆದಳು. ಏನು ಮಾಡಿಯಾಳು? ಬಕೆಟ್ಟಿನ ನೀರು ಕೆಂಪಾಗುವುದನ್ನು ನೋಡುತ್ತ ಕೂತಿದ್ದಾಗ ಇಪೆ ಬಂದ. ನೀರು ನೋಡಿದ, ಮುಖವಾಡ ನೋಡಿದ. ಅದನ್ನು ಅವಳ ಕೈಯಿಂದ ತೆಗೆದುಕೊಂಡು ನೆಟ್ಟಗೆ ತೆಯೊನ ಹತ್ತಿರ ನಡೆದ.

“ಅಷ್ಟು ಜನ ಬೀಳ್ತೀವಿ ಇವತ್ತು. ಕೆಳಗೆ ಏನು ಹಾಕಿಸಿದ್ದೀರಿ?”

“ನೆಲದ ಮೇಲೆ ನಿಂತೋರು ನೆಲಕ್ಕೆ ಬೀಳೋಕೆ ಏನಯ್ಯಾ ಹಾಕಿಸೋದು?”

“ಹದಿನೆಂಟು ಜನ ಮಹಡಿ ಮೇಲಿದ್ದಾರೆ. ಹತ್ತು ಮೂಟೆ ತೆಂಗಿನ ನಾರು ಕೇಳಿದ್ವಿ.”

“ನಾರು ಬರಲಿಲ್ಲ. ಮುಂದಿನ ಚಿತ್ರಕ್ಕೆ ತರಿಸೋಣ.”

ಇಪೆ ತಿರುಗಿ ತನ್ನವರ ಹತ್ತಿರ ಬಂದು, “ಇವತ್ತು ಯಾರೂ ಬೀಳೋದು ಬೇಡ,” ಅಂದ ಅಷ್ಟೇ. ಒಬ್ಬರ ಕಿವಿಯಿಂದ ಒಬ್ಬರ ಕಿವಿಗೆ ಅದು ಮಹಡಿಯ ತುದಿಯವರೆಗೂ ಹೋಯಿತು. ನದಿಯಾಚೆಯ ಹೊಸಬನಿಗೂ ಹೋಯಿತು.

ಮದ್ದು ಸಿಡಿಯಿತು. ನಗರ ಹತ್ತಿಕೊಂಡಿತು. ಚರ್ಮದ ಅಂಗಿಯ ನಾಯಕ ಹೊಗೆಯಿಂದ ಓಡಿ ಬಂದು ಬಂದೂಕು ತಿರುಗಿಸಿ ತಿರುಗಿಸಿ ಹೊಡೆದ. ಯಾರೂ ಬೀಳಲಿಲ್ಲ. ಅವನು ಇನ್ನೂ ಹತ್ತಿರ ಹೋಗಿ ಹೊಡೆದ. ಅರವತ್ತು ಜನ ನಿಂತೇ ಇದ್ದರು. ಇಪೆ ಮೊದಲು ಮುಖವಾಡ ತೆಗೆದ. ಆಮೇಲೆ ಒಬ್ಬೊಬ್ಬರೇ ತೆಗೆದರು. ಬೆವರಿದ, ಮಸಿ ಹಿಡಿದ, ಹಲ್ಲು ಬಿದ್ದ, ಸುಕ್ಕುಗಟ್ಟಿದ ಅರವತ್ತು ಮುಖಗಳು ಕ್ಯಾಮೆರಾ ನೋಡಿಕೊಂಡು ನಿಂತವು. ನಾಯಕನ ಬಂದೂಕು ಖಾಲಿಯಾಗಿ ಟಿಕ್ ಟಿಕ್ ಎಂದಿತು. ನಗರ ಮಾತ್ರ ತನ್ನ ಪಾಡಿಗೆ ಸುಟ್ಟು ಬೂದಿಯಾಯಿತು.

ತೆಯೊ ಹುಚ್ಚು ಹಿಡಿದವನಂತೆ ಕಿರುಚಿದ. “ಬೀಳ್ರೋ! ಬೀಳ್ರೋ ಹಾಳಾದೋರಾ!” ಡಿರೆಕ್ ಕಿರುಚಲಿಲ್ಲ. ನೆಲದ ಮೇಲೆ ಕುಕ್ಕರಿಸಿ ಕೂತು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ.

ಕೊನೆಯ ವಾರದ ಕೂಲಿ ಯಾರಿಗೂ ಸಿಗಲಿಲ್ಲ. ಮೂರು ದಿನದಲ್ಲಿ ಕಂಪನಿ ಗಂಟುಮೂಟೆ ಕಟ್ಟಿತು. ಊರವರು ನದಿಯ ಮರಳು ಹೊರುವುದಕ್ಕೆ ಹೋದರು. ಆದರೂ ಅಂದಿನ ಮಾತು ಬಂದಾಗೆಲ್ಲ ಅವರ ಎದೆ ಒಂದು ಗೇಣು ಉಬ್ಬುತ್ತಿತ್ತು. ಕರಿಂಗ್ ಬೇರೆಯವರ ಮನೆಯ ಕಿಟಕಿಗೆ ಪರದೆ ಹೊಲಿದುಕೊಟ್ಟು ಬದುಕಿದಳು. ಗಂಡನ ಸಾವು ಬಾಳೆಯ ಬುಡದಲ್ಲಿ ಬೂದಿಯಾಗಿದೆ, ಅದನ್ನು ಇನ್ನು ಯಾರೂ ನೋಡುವುದಿಲ್ಲ ಎಂಬುದೊಂದೇ ಅವಳಿಗೆ ಸಮಾಧಾನ.

ವರ್ಷ ತುಂಬಿತು. ವರ್ಷ ತುಂಬಿದ ದಿನ ಪ್ರಾರ್ಥನೆ ಮಾಡಿಸಿ, ಬಂದವರಿಗೆ ಶಾವಿಗೆ ಬಡಿಸಿ, ಸಂಜೆ ಕಪ್ಪು ಬಟ್ಟೆ ಕಳಚಿ ಬಣ್ಣದ್ದು ಉಟ್ಟರೆ ಶೋಕ ಇಳಿಯಿತು ಎಂದು ಲೆಕ್ಕ. ಅದೇ ವಾರ ಪೇಟೆಯ ಟಾಕೀಸಿಗೆ ಚಿತ್ರ ಬಂತು. ‘ಬೂದಿಯ ದೊರೆಗಳು.’ ಗೋಡೆಯ ಮೇಲೆ ಚರ್ಮದ ಅಂಗಿಯ ನಾಯಕ, ಅವನ ಕಾಲ ಬಳಿ ಕರಿಂಗ್ ಹೊಲಿದ ಮುಖವಾಡಗಳು.

ವರ್ಷ ತುಂಬಿದ ದಿನವೇ, ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಇಪೆ ಅವಳ ಬಾಗಿಲಿಗೆ ಬಂದು ಟೋಪಿ ಕೈಯಲ್ಲಿ ಹಿಡಿದು ನಿಂತ.

“ಮಧ್ಯಾಹ್ನದ ಆಟಕ್ಕೆ ಊರೆಲ್ಲ ಹೊರಟಿದೆ ಕಣಮ್ಮ. ನೀನೂ ಬಾ.”

“ನಾನ್ಯಾಕಣ್ಣ?”

“ಈಟಿ ತಿವಿಸ್ಕೊಂಡು ಸತ್ತದ್ದಿದೆ, ಜೀಪಿನಡಿ ಸತ್ತದ್ದಿದೆ. ಅವೆಲ್ಲ ಅವನು ಎದ್ದು ಬಂದ ಸಾವು. ಎದ್ದು ಬಂದವನನ್ನ ನೋಡೋಕೆ ಏನು?”

ಎದ್ದು ಬಂದ ಸಾವು ಎಂಬ ಮಾತು ಅವಳಿಗೆ ಹಿಡಿಸಿತು. ಹೊರಟಳು. ಪೋಲೆಂಗಜ್ಜಿಯೂ ಕೋಲೂರಿಕೊಂಡು ಹೊರಟಳು. ಅಜ್ಜಿ ಹುಟ್ಟಿದ ಮೇಲೆ ಟಾಕೀಸಿನೊಳಗೆ ಕಾಲಿಟ್ಟದ್ದು ಅದೇ ಮೊದಲು, ಇಗರ್ಜಿಗೆ ಹೋಗುವಂತೆ ತಲೆಗೆ ಜಾಲರಿ ಬಟ್ಟೆ ಹಾಕಿಕೊಂಡು ಜಪಸರ ಹಿಡಿದು ಬಂದಿದ್ದಳು.

ಅರ್ಧ ಚಿತ್ರ ಊರವರು ನಕ್ಕದ್ದೇ ನಕ್ಕದ್ದು. “ಅಗೋ, ಆಗಲೇ ಸತ್ತೆಯಲ್ಲೋ, ಮತ್ತೆ ಬಂದ್ಯಾ!” “ಲೋ, ಅದು ನನ್ನ ಬನಿಯನ್ನು!” ಪಟ್ಟಣದ ಕಡೆಯ ಜನ ಮುಂದಿನ ಸಾಲಿನಿಂದ ತಿರುಗಿ ಶ್ ಶ್ ಎಂದರು. ಗಾನಿ ಈಟಿ ತಿವಿಸಿಕೊಂಡ. ಬೀಳುವ ಮುಂಚೆ ಬಲಗೈ ಎದೆಗೆ ಹೋಯಿತು. ಅಂಗಿಯೊಳಗಿನ ತಾಯಿತ ಮುಟ್ಟಿಕೊಂಡೇ ಬೀಳುವುದು ಅವನ ಅಭ್ಯಾಸ. ಮುಖವಾಡ ಯಾವುದಾದರೇನು, ಊರವರಿಗೆ ಆ ಕೈ ಸಾಕಿತ್ತು. ಕರಿಂಗ್ ನೋಡಿದಳು, ಕಣ್ಣೊರೆಸಿಕೊಂಡಳು, ಸ್ವಲ್ಪ ನಕ್ಕಳು ಕೂಡ.

ಆಮೇಲೆ ಕೊನೆಯ ಯುದ್ಧ ಬಂತು.

ನಗರ ಸುಡುತ್ತಿತ್ತು. ನಾಯಕ ಬಂದೂಕು ಎತ್ತಿದ. ನಿಂತ ಅರವತ್ತು ಮುಖಗಳು ಎಲ್ಲೂ ಇಲ್ಲ, ಕತ್ತರಿಸಿ ಬಿಸಾಡಿದ್ದರು. ಬಂದೂಕು ಸಿಡಿದ ಕೂಡಲೇ ಕೆಂಪು ಆಕಾಶ. ಕಲ್ಲಿನ ಗೋಪುರ. ಅದರ ತುದಿಯಿಂದ ಒಬ್ಬ ಕಾಲು ತಪ್ಪಿ ಹೊರಟ. ಬಲಗೈ ಎದೆಯ ಮೇಲೆ.

ಕರಿಂಗಳಿಗೆ ಮೊದಲು ಅರ್ಥವಾಗಲಿಲ್ಲ. ಇದನ್ನು ಅವಳು ನೋಡಿಯೇ ಇರಲಿಲ್ಲವಲ್ಲ. ಪಕ್ಕದಲ್ಲಿ ಇಪೆ ಕುರ್ಚಿಯ ಕೈ ಹಿಡಿದು ಅರ್ಧ ಎದ್ದು ನಿಂತ. ಅದರಿಂದ ಅವಳಿಗೆ ತಿಳಿಯಿತು. ಬಿದ್ದವನು ನೆಲದ ಮೇಲೆ ಕದಲದೆ ಮಲಗಿದ್ದ, ಒಂದು ಕಾಲು ಮಡಚಿ. ಇದ್ದದ್ದರಲ್ಲಿ ಅದೇ ಚಿತ್ರದ ಚೆಂದದ ತುಂಡು ಎಂದು ಯಾರಿಗಾದರೂ ಗೊತ್ತಾಗುತ್ತಿತ್ತು. ಮುಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹೊಡೆದರು.

ಬಂದೂಕು ಮತ್ತೆ ಸಿಡಿಯಿತು. ಮತ್ತೆ ಗಾನಿ ಬಿದ್ದ. ಈಗ ಇನ್ನೊಂದು ಕ್ಯಾಮೆರಾದಿಂದ. ಮೂರನೆಯ ಸಲ ಚಿತ್ರವನ್ನೇ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದ್ದರು, ಕೈ ಎದೆಯ ಬೇರೆ ಮಗ್ಗುಲಲ್ಲಿತ್ತು. ಅರವತ್ತು ಜನ ಬೀಳದೆ ನಿಂತ ಜಾಗವನ್ನೆಲ್ಲ ಅವನೊಬ್ಬನಿಂದಲೇ ತುಂಬಿಸಿದ್ದರು. ಬೀಳೋದು ಬೇಡ ಎಂದು ಇವರು ನಿಂತದ್ದಕ್ಕೆ ಅವನು ಮತ್ತೆ ಮತ್ತೆ ಬೀಳಬೇಕಾಯಿತು. ಇಪೆ ಮುಖ ಮುಚ್ಚಿಕೊಂಡ.

ನಾಲ್ಕನೆಯ ಸಲ ಬೀಳುವಾಗ ಪೋಲೆಂಗಜ್ಜಿ ಎದ್ದು ನಿಂತಳು. ಅವಳಿಗೆ ಸಿನಿಮಾ ಎಂದರೇನೆಂದು ಗೊತ್ತಿರಲಿಲ್ಲ. ಕಣ್ಣೆದುರಿಗೆ ತನ್ನ ಗಾನಿ ಸಾಯುತ್ತಿದ್ದಾನೆ, ಸಾಯುವವನಿಗೆ ಪ್ರಾರ್ಥನೆ ಹೇಳುವುದು ತನ್ನ ಕೆಲಸ, ಅಷ್ಟೇ ಗೊತ್ತು. ಗಂಟಲು ಎತ್ತಿ ಹೇಳಿದಳು:

“ಇಸಾಗನಿಯ ಆತ್ಮಕ್ಕೆ, ಸ್ವಾಮೀ…”

ಒಂಬತ್ತು ದಿನ ಬಾಯಿಪಾಠವಾಗಿತ್ತಲ್ಲ. ಯಾರೂ ಯೋಚಿಸಲಿಲ್ಲ. ಹಿಂದಿನ ಸಾಲುಗಳೆಲ್ಲ ಒಟ್ಟಿಗೆ ಅಂದವು:

“ನಿತ್ಯ ವಿಶ್ರಾಂತಿಯನ್ನು ದಯಪಾಲಿಸು.”

ಐದನೆಯ ಸಲ ಬಿದ್ದ. ಅಜ್ಜಿ ಹೇಳಿದಳು, ಊರು ಹೇಳಿತು. ಟಾರ್ಚು ಹಿಡಿದ ಕೆಲಸಗಾರ ಓಡಿ ಬಂದ.

“ಏನ್ರೀ ಇದು? ಸುಮ್ನೆ ಕೂತ್ಕೊಳ್ರಿ! ಇದೇನು ಇಗರ್ಜಿನಾ?”

“ಅದು ಅವಳ ಗಂಡ ಕಣಪ್ಪ,” ಅಂದ ಒಬ್ಬ ಮರಳು ಹೊರುವವನು. “ಅದು ನಾಟಕ ಅಲ್ಲ. ಅವನು ಅಲ್ಲೇ ಸತ್ತದ್ದು. ಅಲ್ಲೇ, ಹಾಗೇ.”

ಟಾರ್ಚಿನ ಬೆಳಕು ಕರಿಂಗಳ ಕಪ್ಪು ಬಟ್ಟೆಯ ಮೇಲೆ ಬಿತ್ತು, ಅಲ್ಲೇ ನಿಂತಿತು. ಮುಂದಿನ ಸಾಲಿನವರು ತಿರುಗಿ ನೋಡಿದರು. ಆರನೆಯ ಸಲ ಅವನು ಬೀಳುವಾಗ ಶಿಳ್ಳೆ ಇರಲಿಲ್ಲ. ಏಳನೆಯ ಸಲ ನಿಧಾನಕ್ಕೆ, ಬಹಳ ನಿಧಾನಕ್ಕೆ ಬಿದ್ದ. ಆಗ ಗುರುತು ಪರಿಚಯ ಇಲ್ಲದ ಮುಂದಿನ ಸಾಲಿನವರೂ ಎದ್ದು ನಿಂತು, ಊರಿನ ಜೊತೆ ದನಿಗೂಡಿಸಿ, “ದಯಪಾಲಿಸು” ಅಂದರು. ಕರಿಂಗ್ ಮಾತ್ರ ಬಾಯಿ ತೆರೆಯಲಿಲ್ಲ. ಅವನು ನೆಲ ಮುಟ್ಟುವವರೆಗೂ ಕಣ್ಣು ಮುಚ್ಚದೆ ನೋಡಿದಳು.

ಕೊನೆಗೆ ಹೆಸರುಗಳ ಪಟ್ಟಿ ಹೋಯಿತು. ಜಾನಿ ಸ್ಟೀಲ್ ಎಂಬವನು ಬಂದು ಹೋದ. ಇಸಾಗನಿ ಎಲ್ಲೂ ಇರಲಿಲ್ಲ.

ಹೊರಗೆ ಬಿಸಿಲಿಗೆ ಬಂದ ಮೇಲೆ ಕರಿಂಗ್ ಟಾಕೀಸಿನ ಮೆಟ್ಟಿಲ ಮೇಲೆ ಕೂತಳು. ಎಲ್ಲರೂ ಸುತ್ತ ನಿಂತರು. ಅವಳು ನೆಲ ನೋಡಿಕೊಂಡೇ ಎಲ್ಲ ಹೇಳಿದಳು. ಕಾಗದ, ರುಜು, ಹೃದಯದ ಕಾಯಿಲೆ, ಬಾಳೆಯ ಬುಡದ ಬೆಂಕಿ.

“ನನ್ನ ಕಣ್ಣೆದುರಿಗೇ ಸುಟ್ಟರಣ್ಣ. ನಾನು ನಿಂತು ನೋಡಿದೆ.”

“ಬಿದ್ದು ಎಷ್ಟು ದಿನಕ್ಕೆ ಸುಟ್ಟದ್ದು?” ಇಪೆ ಕೇಳಿದ.

“ಒಂಬತ್ತು.”

ಇಪೆ ಮೆಟ್ಟಿಲ ಮೇಲೆ ಅವಳ ಪಕ್ಕ ಕುಸಿದು ಕೂತ.

“ಅವತ್ತವತ್ತು ತೆಗೆದದ್ದು ಅವತ್ತು ಸಂಜೆಯೇ ಮನಿಲಾಕ್ಕೆ ಹೋಗುತ್ತಮ್ಮ, ತೊಳೆಯೋಕೆ. ಒಂಬತ್ತು ದಿನ ಡಬ್ಬೀಲಿಟ್ಟು ಕೂತಿರ್ತಾರಾ? ಕೆಟ್ಟುಹೋದ ಪಟ್ಟಿ ಇರ್ತವೆ ಮೂಲೇಲಿ. ಕಸ. ನಿನ್ನ ಹಿತ್ತಲಲ್ಲಿ ಕಸ ಸುಟ್ಟಿದ್ದಾರೆ. ನಂಗೊಂದು ಮಾತು ಹೇಳಬಾರದಾಗಿತ್ತಾ?”

“ನಾಚಿಕೆ ಆಯ್ತಣ್ಣ.”

“ನಾಚಿಕೆ ನಿಂಗ್ಯಾಕೆ? ಚಪ್ಪಾಳೆ ತಟ್ಟಿದೋರು ನಾವು.”

ಆ ಮರಳು ಹೊರುವವನು ಕೆಮ್ಮಿದ.

“ಅಲ್ಲಣ್ಣ, ಕಾಗದದಲ್ಲಿ ದಾರೀಲಿ ಸತ್ತ ಅಂತಿದೆ. ಇಲ್ಲಿ ನೋಡಿದ್ರೆ ಗೋಪುರದಿಂದ ಬಿದ್ದು ಸಾಯ್ತಿದ್ದಾನೆ. ಅವರೇ ತೆಗೆದು, ಅವರೇ ತೋರಿಸ್ತಿದ್ದಾರೆ. ಏಳು ಸಲ.”

ಇಪೆ ತಲೆ ಎತ್ತಿದ.

“ಇನ್ನೆಷ್ಟು ದಿನ ಇದೆ ಚಿತ್ರ?”

“ಗುರುವಾರದವರೆಗೆ.”

“ಹಾಗಾದ್ರೆ ನಾಳೆ ಮರಳಿಗೆ ಯಾರೂ ಹೋಗೋದು ಬೇಡ. ಬೆಳಿಗ್ಗೆ ಎಲ್ಲ ಸೇರಿ ಕಾರ್ಮಿಕರ ಆಫೀಸಿಗೆ ಹೋಗೋಣ. ಆ ಸಾಹೇಬನ್ನ ಎಬ್ಬಿಸ್ಕೊಂಡು ಬಂದು ಮಧ್ಯಾಹ್ನದ ಆಟಕ್ಕೆ ಕೂರಿಸೋಣ. ಟಿಕೆಟ್ ನಾವೇ ತೆಗೆಸೋಣ. ಅರವತ್ತು ಜನ ಸುತ್ತ ಕೂತು, ನೋಡು ಸ್ವಾಮಿ, ಇದು ಹೃದಯದ ಕಾಯಿಲೆ ಅಂತ ತೋರಿಸೋಣ.”

“ಬರ್ತಾನಾ?”

“ಬರದಿದ್ರೆ ಅವನ ಬಾಗಿಲಲ್ಲೇ ನಿಲ್ಲೋಣ. ನಿಂತು ಅಭ್ಯಾಸ ಇದೆಯಲ್ಲ ನಮಗೆ.”

ಹೀಗೆ ಮಾತಾಗಿ ಊರಿಗೆ ಬಂದರು. ಪೋಲೆಂಗಜ್ಜಿಯ ಅಂಗಡಿ ಬಂದಾಗ, ಯಾರೂ ಹೇಳದಿದ್ದರೂ, ಎಲ್ಲರ ಕಾಲೂ ಅತ್ತ ತಿರುಗಿತು. ಸಾವು ನೋಡಿ ಬಂದವರು ನೆಟ್ಟಗೆ ಮನೆಗೆ ಹೋಗಬಾರದಲ್ಲ. ಅಜ್ಜಿ ಒಲೆ ಹೊತ್ತಿಸಿ ಶುಂಠಿ ಜಜ್ಜತೊಡಗಿದಳು.

ಕರಿಂಗ್ ನಿಲ್ಲಲಿಲ್ಲ.

“ಕರಿಂಗ್, ಬಾರೇ, ಒಂದು ಲೋಟ ಕುಡಿದು ಹೋಗು,” ಅಜ್ಜಿ ಕೂಗಿದಳು. “ನೆಟ್ಟಗೆ ಹೋಗಬಾರದು ಕಣೇ. ಹಿಂದೆ ಬಂದುಬಿಡ್ತಾನೆ!”

“ಬರಲಿ ಅಜ್ಜಿ,” ಅಂದಳು ಕರಿಂಗ್.

ಎಲ್ಲೂ ತಂಗದೆ, ಹಿಂತಿರುಗಿ ನೋಡದೆ, ನಿಧಾನಕ್ಕೆ ನಡೆದಳು. ಹಿಂದೆ ಬರುವವನ ಸೊಂಟ ನೋಯುತ್ತಿರಬಹುದೆಂದು ನಿಧಾನಕ್ಕೆ ನಡೆದಳು. ಮನೆಯ ಬಾಗಿಲು ತೆಗೆದಳು, ಮುಚ್ಚಲಿಲ್ಲ. ಹಗ್ಗದ ಮೇಲೆ ಸಂಜೆಗೆಂದು ತೆಗೆದಿಟ್ಟ ಹಳದಿ ಬಟ್ಟೆ ಇತ್ತು. ಅದನ್ನು ಮಡಚಿ ಪೆಟ್ಟಿಗೆಯೊಳಗೆ ವಾಪಸು ಇಟ್ಟಳು. ಕಪ್ಪು ಇನ್ನೂ ಇಳಿಯುವ ಹಾಗಿರಲಿಲ್ಲ. ಆಮೇಲೆ ಎರಡು ತಟ್ಟೆ ಹಾಕಿ ಅನ್ನ ಬಡಿಸಿ, ಒಂದೊಂದರ ಮೇಲೆ ಒಂದೊಂದು ಒಣಮೀನು ಇಟ್ಟಳು.

“ಹೊಟ್ಟೆ ತುಂಬ ತಿನ್ನು,” ಅಂದಳು ಎದುರಿನ ತಟ್ಟೆಗೆ. “ಬೆಳಿಗ್ಗೆ ಬೇಗ ಏಳಬೇಕು. ನಾಳೆ ನೀನೂ ಬರಬೇಕು ಕಣೋ, ಸಾಕ್ಷಿ ಹೇಳೋಕೆ.”